ಕೆಸುವಿನ ಬುಡದಲ್ಲಿ ಹುಟ್ಟಿದ ಪದ

ಹವಾಯಿ ಭಾಷೆಯ ‘ಒಹಾನ’ ಪದ ಈಗ ಟೀ ಶರ್ಟ್ ಮೇಲಿದೆ, ಕಾಫಿ ಕಪ್ ಮೇಲಿದೆ, ಎಷ್ಟೋ ಜನರ ಕೈಮೇಲೆ ಹಚ್ಚೆಯಾಗಿಯೂ ಇದೆ. ಅರ್ಥ ಕೇಳಿದರೆ ‘ಕುಟುಂಬ’ ಅನ್ನುತ್ತಾರೆ. ತಪ್ಪೇನಿಲ್ಲ. ಆದರೆ ಅಷ್ಟಕ್ಕೇ ಬಿಟ್ಟರೆ ನನಗೆ ಸಂಕಟ ಆಗುತ್ತದೆ. ಈ ಪದಕ್ಕೆ ಮಣ್ಣಿನಲ್ಲಿ ಬೇರಿದೆ.

ಅದು ಕೆಸುವಿನ ಬೇರು. ಹೌದು, ನಮ್ಮ ಪತ್ರೊಡೆಯ ಕೆಸುವೇ. ಅಲ್ಲಿ ಅದನ್ನು ‘ಕಲೋ’ ಅನ್ನುತ್ತಾರೆ. ಹಿತ್ತಿಲಲ್ಲಿ ಕೆಸು ಕಿತ್ತವರಿಗೆ ಗೊತ್ತಿರುತ್ತದೆ. ಒಂದು ಬುಡ ಎಬ್ಬಿಸಿದರೆ ನಡುವೆ ದಪ್ಪನೆಯ ತಾಯಿಗೆಡ್ಡೆ. ಅದನ್ನು ಅಪ್ಪಿಕೊಂಡ ಹಾಗೆ ಸುತ್ತಲೂ ಮಣ್ಣು ಮೆತ್ತಿದ ಮರಿಗಳು. ಬಿಡಿಸುವಷ್ಟರಲ್ಲಿ ಕೈಯೆಲ್ಲ ತುರಿಕೆ. ಆ ಮರಿಗೆ ಹವಾಯಿಯವರು ‘ಒಹಾ’ ಅನ್ನುತ್ತಾರೆ. ಅವರ ಭಾಷೆಗೆ ನಿಘಂಟು ಕಟ್ಟಿದವರಲ್ಲಿ ಒಬ್ಬರಾದ ಮೇರಿ ಕವೆನಾ ಪುಕುಯಿ ಈ ಪದವನ್ನು ಬಿಡಿಸಿದ್ದೂ ಹೀಗೇ. ‘ಒಹಾ’ಗೆ ‘ನ’ ಸೇರಿ ಒಹಾನ. ಒಂದೇ ಬುಡದಿಂದ ಒಡೆದು ಬಂದವರು. ಅದಕ್ಕೇ ಅದರೊಳಗೆ ಅಜ್ಜ ಅಜ್ಜಿ, ದೂರದ ನೆಂಟರು, ಸಾಕಿಕೊಂಡ ಮಕ್ಕಳು ಎಲ್ಲರೂ ಸೇರುತ್ತಾರೆ.

ನಾವೂ ಮಕ್ಕಳನ್ನು ಕರುಳ ಕುಡಿ, ವಂಶದ ಕುಡಿ ಅನ್ನುತ್ತೇವೆ ಅಲ್ವಾ? ನಮಗೆ ಅದು ಹೋಲಿಕೆ. ಅವರಿಗೆ ಕೆಸು ನಿಜವಾದ ನೆಂಟ. ಆಕಾಶದ ತಂದೆ ವಾಕೆಯಾನಿಗೆ ಹುಟ್ಟಿದ ಮೊದಲ ಗಂಡುಮಗುವಿಗೆ ಜೀವ ಇರಲಿಲ್ಲವಂತೆ. ಹೂತ ಜಾಗದಲ್ಲಿ ಕೆಸು ಚಿಗುರಿತು. ಆಮೇಲೆ ಹುಟ್ಟಿದ ಮಗುವಿಗೆ ಅಣ್ಣನ ಹೆಸರನ್ನೇ ಇಟ್ಟು ಹಾಲೋವಾ ಎಂದು ಕರೆದರು. ಹವಾಯಿಯ ಜನ ಅವನ ಸಂತತಿ. ಅಂದರೆ ಕೆಸು ಅವರಿಗೆ ಅಣ್ಣ. ಬೇಯಿಸಿ ಕುಟ್ಟಿದ ಕೆಸುವಿನ ‘ಪೋಯಿ’ ಊಟಕ್ಕಿಟ್ಟು ಬಟ್ಟಲು ತೆರೆದ ಮೇಲೆ ಯಾರೂ ಜಗಳ ಆಡಬಾರದು ಅಂತ ಹಿರಿಯರು ಹೇಳಿಕೊಟ್ಟಿದ್ದಾರೆ. ಅಣ್ಣನ ಎದುರು ಕಿತ್ತಾಡುವುದು ಹೇಗೆ?

ಇದೆಲ್ಲ ಸುಮ್ನೆ ಹಳೆಯ ಕತೆ ಅಂದುಕೊಳ್ಳಬೇಡಿ. 2002ರಲ್ಲಿ ಹವಾಯಿ ವಿಶ್ವವಿದ್ಯಾಲಯ ತಾನು ಬೆಳೆಸಿದ ಮೂರು ಕೆಸುವಿನ ತಳಿಗಳಿಗೆ ಪೇಟೆಂಟ್ ಪಡೆಯಿತು. ರೋಗ ತಡೆಯುವ ತಳಿಗಳು, ಉದ್ದೇಶವೂ ಒಳ್ಳೆಯದೇ. ಆದರೂ ರೈತರು ಒಪ್ಪಲಿಲ್ಲ. ಮನೆಯ ಹಿರಿಯನಿಗೆ ಒಡೆಯ ಅಂತ ಯಾರಿರಲು ಸಾಧ್ಯ ಎಂದು ಹೋರಾಟಕ್ಕೆ ನಿಂತರು. ಅವರು ಕೇಳಿದ್ದರಲ್ಲಿ ಎಳ್ಳಷ್ಟೂ ತಪ್ಪಿಲ್ಲ ಅಂತಲೇ ನನ್ನ ಅಭಿಪ್ರಾಯ. 2006ರಲ್ಲಿ ವಿಶ್ವವಿದ್ಯಾಲಯ ಮೂರೂ ಪೇಟೆಂಟ್ ಬಿಟ್ಟುಕೊಟ್ಟಿತು.