ದೊಡ್ಡಮ್ಮನ ಫೋಟೋ ಮತ್ತು 413

ನಾಗರಪಂಚಮಿಯ ಮರುದಿನ ಬೆಳಿಗ್ಗೆ ಏಳು ಗಂಟೆಗೇ ದೊಡ್ಡಮ್ಮನ ಫೋನ್.

"ಎಂತದಾ, ನಿನ್ನ ವೆಬ್‌ಸೈಟು ಚಿಕ್ಕಮ್ಮನ ಫೋಟೋ ತಕೊಳ್ತದೆ, ನನ್ನದು ತಕೊಳ್ಳುದಿಲ್ಲ. ನೀನೇ ಹಾಗೆ ಮಾಡಿ ಇಟ್ಟದ್ದಾ?"

ಕಟಪಾಡಿ ಹತ್ತಿರದ ನಮ್ಮ ಕುಟುಂಬದ ಮನೆಗೊಂದು ವೆಬ್‌ಸೈಟ್ ಮಾಡುವ ಹುಚ್ಚು ನನ್ನದೇ. ನಾಗಬನದ ತಂಬಿಲ ಪೂಜೆಯ ಫೋಟೋಗಳನ್ನು ಎಲ್ಲರೂ ಒಂದೇ ಕಡೆ ಹಾಕಲಿ, ವಾಟ್ಸಾಪ್ ಗ್ರೂಪಿನ ಗುಡ್‌ಮಾರ್ನಿಂಗ್‌ಗಳ ಅಡಿಗೆ ಬಿದ್ದು ಕಾಣೆಯಾಗದಿರಲಿ ಅಂತ. ಮಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವವನು ಮನೆಯಲ್ಲಿ ನಾನೊಬ್ಬನೇ. ಹಾಗಾಗಿ ಇನ್ವರ್ಟರ್ ಕೆಟ್ಟರೂ ಫೋನ್ ಬರುವುದು ನನಗೇ.

ವೆಬ್‌ಸೈಟ್ ಬರೆದದ್ದು ಪಿಎಚ್‌ಪಿ ಎಂಬ ಭಾಷೆಯಲ್ಲಿ. ಅದರಲ್ಲಿ ಒಂದು ಫೈಲಿಗೆ 2 ಎಂಬಿ ಮಿತಿ ಇರುತ್ತದೆ. ಅದನ್ನು 20 ಮಾಡಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ನಡೆಯಿತು. ದೊಡ್ಡಮ್ಮನಿಗೆ ಮಾತ್ರ ಅದೇ ಬಿಳಿ ಪುಟ, ಅದೇ 413, ಅಂದರೆ "ಕಳಿಸಿದ್ದು ತೀರಾ ದೊಡ್ಡದಾಯಿತು" ಅನ್ನುವ ಎರರ್ ನಂಬರ್. ಯಾರು ಬಂದರು, ಏನಾಯಿತು ಎಂದು ನನ್ನ ಕೋಡು ಬರೆದಿಡುವ ಲಾಗ್ ನೋಡಿದರೆ ಒಂದು ಗೆರೆ ಇಲ್ಲ. ದೊಡ್ಡಮ್ಮ ಬಂದೇ ಇಲ್ಲ ಅನ್ನುತ್ತದೆ! ಎರಡು ರಾತ್ರಿ ನನ್ನದೇ ಕೋಡನ್ನು ಅನುಮಾನದಿಂದ ನೋಡಿದೆ.

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ಸ್ಟಾಂಡಿನಲ್ಲಿ ಸಿಟಿ ಬಸ್ ಹತ್ತುವವರನ್ನು ನೋಡಿದ್ದೀರಲ್ಲ? ಹಲಸಿನ ಹಣ್ಣಿನ ಗೋಣಿ ಹೊತ್ತು ಬಂದವನನ್ನು ಕಂಡಕ್ಟರ್ ಬಾಗಿಲಲ್ಲೇ ಇಳಿಸಿ ಸೀಟಿ ಊದುತ್ತಾನೆ. ಡ್ರೈವರನ ಹತ್ತಿರ ಕೇಳಿದರೆ "ಯಾವ ಹಲಸು ಮಾರಾಯ್ರೆ?" ನಾನು ಎರಡು ದಿನ ವಿಚಾರಣೆ ಮಾಡಿದ್ದು ಡ್ರೈವರನನ್ನು. ಕಂಡಕ್ಟರ್ ಇದ್ದದ್ದು ಮುಂದೆ, ಎಂಜಿನ್‌ಎಕ್ಸ್ ಎಂಬ ಪ್ರಾಕ್ಸಿ; ಸರ್ವರಿನಲ್ಲಿ ನನ್ನ ಕೋಡಿಗಿಂತ ಮೊದಲು ಬಂದವರನ್ನು ನೋಡಿ ಒಳಗೆ ಬಿಡುವವನು. ಲ್ಯಾಪ್‌ಟಾಪಿನಲ್ಲಿ ಅವನು ಇರಲೇ ಇಲ್ಲ. ನಾವು ಏನೂ ಹೇಳದಿದ್ದರೆ ಅವನು 1 ಎಂಬಿಗಿಂತ ಜಾಸ್ತಿ ಒಳಗೆ ಬಿಡುವುದಿಲ್ಲ.

ಚಿಕ್ಕಮ್ಮ ಹಾಕಿದ್ದೆಲ್ಲ ವಾಟ್ಸಾಪಿನಲ್ಲಿ ಬಂದ ಫೋಟೋಗಳು. ವಾಟ್ಸಾಪ್ ಅವನ್ನು ಮೊದಲೇ ಹಿಂಡಿ ಸಣ್ಣ ಮಾಡಿತ್ತು. ದೊಡ್ಡಮ್ಮನದು ಮಗ ದುಬೈಯಿಂದ ತಂದ ಹೊಸ ಫೋನ್. ಒಂದೊಂದು ಫೋಟೋ 5 ಎಂಬಿ.

ಅವರನ್ನು ಫೋನಿನಲ್ಲಿ ಇಟ್ಟುಕೊಂಡೇ ಪ್ರಾಕ್ಸಿಯ ಎರರ್ ಲಾಗ್ ತೆರೆದೆ. ಸಿಕ್ಕಿದ ಖುಷಿಗೆ ಜೋರಾಗಿ ಓದಿಬಿಟ್ಟೆ: "ಕ್ಲೈಂಟ್ ಇಂಟೆಂಡೆಡ್ ಟು ಸೆಂಡ್ ಟೂ ಲಾರ್ಜ್ ಬಾಡಿ."

ಆ ಕಡೆ ಮೌನ.

"ಯಾರ ಬಾಡಿ?"

"ದೊಡ್ಡಮ್ಮ, ಅದು ಫೋಟೋದ ಬಾಡಿ..."

"ನಾನು ಹತ್ತನೇ ಕ್ಲಾಸ್ ಇಂಗ್ಲಿಷ್‌ನಲ್ಲಿ ಪಾಸ್ ಆದವಳು."

ಪ್ರಾಕ್ಸಿಯ ಸೆಟ್ಟಿಂಗಿನಲ್ಲಿ ಕ್ಲೈಂಟ್ ಮ್ಯಾಕ್ಸ್ ಬಾಡಿ ಸೈಜ್ ಎಂಬ ಸಾಲಿಗೆ 20 ಎಂಬಿ ಬರೆದೆ. (ಸೊನ್ನೆ ಹಾಕಿದರೆ ಮಿತಿಯೇ ಇರುವುದಿಲ್ಲ. ಆದರೆ ನಮ್ಮ ಭಾವ ಇಡೀ ರಾತ್ರಿಯ ಯಕ್ಷಗಾನ ರೆಕಾರ್ಡ್ ಮಾಡುವ ಜನ. ಧೈರ್ಯ ಬರಲಿಲ್ಲ.) ರೀಲೋಡ್ ಮಾಡಿದೆ. ಮತ್ತೆ 413! ಸರ್ವರಿಗೆ ಬರುವ ಬಾಗಿಲುಗಳಿಗೆ ಪೋರ್ಟ್ ಅನ್ನುತ್ತಾರೆ. ನಾನು ಬರೆದದ್ದು 80ನೇ ಪೋರ್ಟಿನ ಸೆಟ್ಟಿಂಗಿನಲ್ಲಿ. ದೊಡ್ಡಮ್ಮ ಬರುತ್ತಿದ್ದದ್ದು ಸುರಕ್ಷಿತ ದಾರಿಯಾದ ಎಚ್‌ಟಿಟಿಪಿಎಸ್‌ನಲ್ಲಿ, ಅಂದರೆ 443ರಲ್ಲಿ. ಹಿಂದಿನ ಬಾಗಿಲು ತೆಗೆದಿಟ್ಟು ಚಾವಡಿಯಲ್ಲಿ ನೆಂಟರಿಗೆ ಕಾದ ಹಾಗೆ. ಆ ಸಾಲನ್ನು ಅಲ್ಲಿಗೂ ಹಾಕಿದ ಮೇಲೆ ಒಂದು ಫೋಟೋ ಒಳಗೆ ಬಂತು.

ಅಲ್ಲಿಗೆ ನಿಲ್ಲಿಸಿದ್ದರೆ ಅವರು ದೊಡ್ಡಮ್ಮನೇ ಅಲ್ಲ. ಮೂರು ಫೋಟೋ ಒಟ್ಟಿಗೆ ಕಳಿಸಿದರು. ಈ ಸಲ 413 ಇಲ್ಲ. "ದಯವಿಟ್ಟು ನಿಮ್ಮ ಹೆಸರು ಬರೆಯಿರಿ" ಅಂತ ಬಂತು.

"ಬರೆದೇ ಕಳಿಸಿದ್ದು! ನನ್ನ ಹೆಸರೇ ಗೊತ್ತಿಲ್ವಾ ಅದಕ್ಕೆ?"

ಪಿಎಚ್‌ಪಿಗೆ ಇನ್ನೊಂದು ಮಿತಿ ಇದೆ. ಇಡೀ ಫಾರ್ಮ್ ಸೇರಿ 8 ಎಂಬಿ. ಅದು ಮೀರಿದರೆ ಫೋಟೋದ ಜೊತೆ ಹೆಸರನ್ನೂ ಸುಮ್ನೆ ಎಸೆದು, ಖಾಲಿ ಫಾರ್ಮನ್ನು ನನ್ನ ಕೋಡಿಗೆ ಕೊಡುತ್ತದೆ. ಒಂದು ಫೈಲಿಗೆ 20, ಇಡೀ ಫಾರ್ಮಿಗೆ 8! ಸೇರಿಗಿಂತ ಪಾವು ದೊಡ್ಡದು ಮಾಡಿಟ್ಟ ಜಾಣ ನಾನೇ. ಅದನ್ನೂ 25 ಮಾಡಿದೆ.

ರಾತ್ರಿಯೊಳಗೆ ದೊಡ್ಡಮ್ಮನ 41 ಫೋಟೋ ಬಂದವು. ಆರರಲ್ಲಿ ಅವರ ಹೆಬ್ಬೆರಳು, ಒಂದರಲ್ಲಿ ಬಾಯಿ ತುಂಬ ಪತ್ರೊಡೆ ತುಂಬಿಕೊಂಡ ನಾನು. ನೆಮ್ಮದಿಯಾಗಿ ಮಲಗಿದೆ.

ಬೆಳಿಗ್ಗೆ ಏಳಕ್ಕೆ ಫೋನ್. ಚಿಕ್ಕಮ್ಮ.

"ಅಲ್ಲ ಮಗಾ, ಅಕ್ಕಂದು ಅಷ್ಟು ದೊಡ್ಡದಾಗಿ, ಚಂದ ಕಾಣ್ತದೆ. ನನ್ನದು ಮಾತ್ರ ಮಸುಕು ಯಾಕೆ?"