ಸಮುದ್ರದ ನೀರು ಆಸಿಡ್ ಆಗಿದೆಯಾ?

ಐಸ್ ಪೆಟ್ಟಿಗೆಯಲ್ಲಿ ಬಂಗುಡೆ ಬಳ್ಳಾರಿ ಮುಟ್ಟುವ ಮುಂಚೆಯೇ ಅದರ ಬಗ್ಗೆ ಫಾರ್ವರ್ಡ್ ಬಂದಿರುತ್ತದೆ: ಹೊಗೆಯಿಂದ ಸಮುದ್ರ ಆಸಿಡ್ ಆಗಿದೆ, ಮೀನು ತಿಂದರೆ ಹೊಟ್ಟೆ ಸುಡುತ್ತದೆ ಅಂತ. ಕಳಿಸುವವರದ್ದು ಕಾಳಜಿಯೇ. ಆದರೆ ಮಾತು ತಪ್ಪು.

ಪಿಎಚ್ ಅಳತೆಯಲ್ಲಿ 7ಕ್ಕಿಂತ ಕೆಳಗಿದ್ದರೆ ಆಮ್ಲ. ಸಮುದ್ರದ ಮೇಲ್ಪದರದ ನೀರು ಸುಮಾರು 8.1. ಅಂದರೆ ಈಗಲೂ ಕ್ಷಾರವೇ. ಕೈ ಸುಡಲ್ಲ, ಈ ಕಾರಣಕ್ಕೆ ಮೀನು ವಿಷವೂ ಆಗಲ್ಲ.

ಹಾಗಂತ ಎಲ್ಲಾ ಸುಳ್ಳಲ್ಲ. ಕಾರ್ಖಾನೆಗಳ ಕಾಲ ಶುರುವಾಗುವ ಮುಂಚೆ ಸಮುದ್ರದ ಪಿಎಚ್ 8.2ರ ಹತ್ತಿರ ಇತ್ತು. 0.1 ಅಷ್ಟೇ ಅಲ್ವಾ? ಆದರೆ ಪಿಎಚ್ ಒಂದು ಅಂಕಿ ಇಳಿದರೆ ಆಮ್ಲತೆ ಹತ್ತು ಪಟ್ಟಾಗುತ್ತದೆ. ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ 10ರ ಘಾತ 0.1 ಒತ್ತಿ ನೋಡಿ. 1.26 ಬರುತ್ತದೆ. ಆಮ್ಲತೆ ತರುವ ಹೈಡ್ರೋಜನ್ ಅಯಾನುಗಳು ಸುಮಾರು 26% ಜಾಸ್ತಿಯಾಗಿವೆ ಅಂತ ಅರ್ಥ. ಇಂಥ ಲೆಕ್ಕವನ್ನು ಅರ್ಧ ಓದಿದರೆ ಸಮುದ್ರವೇ ಆಸಿಡ್ ಆದಂತೆ ಕೇಳಿಸುತ್ತದೆ.

ಮುಖ್ಯ ಕಾರಣ ಕಣ್ಣಿಗೆ ಕಾಣದ ಕಾರ್ಬನ್ ಡೈಆಕ್ಸೈಡ್. ಕಲ್ಲಿದ್ದಲು ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಉರಿಯಲಿ, ಕುಡತಿನಿಯ ಸ್ಥಾವರದಲ್ಲಿ ಉರಿಯಲಿ, ಅದು ಜಗತ್ತಿನ ಗಾಳಿಗೆಲ್ಲ ಬೆರೆಯುತ್ತದೆ. ಮನುಷ್ಯರು ಬಿಡುವುದರಲ್ಲಿ ಸುಮಾರು ಕಾಲು ಭಾಗವನ್ನು ಸಮುದ್ರ ಹೀರುತ್ತದೆ. ನೀರಿಗೆ ಸೇರಿ ಅದು ಕಾರ್ಬಾನಿಕ್ ಆಮ್ಲವಾಗಿ, ಚಿಪ್ಪು ಕಟ್ಟಲು ಬೇಕಾದ ಕಾರ್ಬೋನೇಟನ್ನು ಕಮ್ಮಿ ಮಾಡುತ್ತದೆ. ಪೆಟ್ಟು ಬೀಳುವುದು ಹವಳಕ್ಕೆ, ಸಿಂಪಿಯ ಮರಿಗಳಿಗೆ. 2000ದ ದಶಕದ ಕೊನೆಗೆ ಅಮೆರಿಕದ ಪಶ್ಚಿಮ ಕರಾವಳಿಯ ಸಾಕಣೆ ಕೇಂದ್ರಗಳಲ್ಲಿ ಸಿಂಪಿ ಮರಿಗಳು ರಾಶಿಗಟ್ಟಲೆ ಸತ್ತವು. ಚಿಪ್ಪು ಕಟ್ಟಲು ಆಗದ ನೀರೇ ಅಲ್ಲಿ ತೊಂದರೆ.

ಇಂಥ ಮೆಸೇಜ್ ಬಂದರೆ ಮೊದಲು ಅಂಕಿ ಹುಡುಕಿ. ಪಿಎಚ್ ಎಷ್ಟು, ಯಾವ ವರ್ಷದ್ದು, ಎಲ್ಲಿಯದು? ಸತ್ತ ಮೀನಿನ ಫೋಟೋ ಇದ್ದರೆ ಗೂಗಲ್ ಲೆನ್ಸ್‌ಗೆ ಹಾಕಿ. ಎಷ್ಟೋ ಸಲ ಅದು ಹಳೇ ಫೋಟೋ, ಬೇರೆ ದೇಶದ್ದು.