ಅಜ್ಜಿಯ ಮೋಟಾರು ಪಾರ್ಕಿಂಗ್ ಲಾಟಿನಲ್ಲಿ

ಕಾರ್ಯಾಗಾರದ ಕರೆಯೋಲೆ ಬಂತು. ‘ಹೊಂದಾಣಿಕೆಯ ಹಾಗೂ ಸಹಭಾಗಿ ವಿಧಾನಗಳ ಮೂಲಕ ಸ್ಥಳೀಯ ಆಡಳಿತದ ಬಲವರ್ಧನೆ’. ಸ್ಥಳ, ತಾಲ್ಲೂಕು ಪಂಚಾಯ್ತಿ ಸಭಾಂಗಣ. ಅದರಲ್ಲಿ ನನಗೆ ಪೂರ್ತಿ ಅರ್ಥವಾದದ್ದು ಕೊನೆಯ ಸಾಲು: ಊಟದ ವ್ಯವಸ್ಥೆ ಇದೆ. ಹೋದೆ.

ಸಭಾಂಗಣ ಥಳಥಳ ಅನ್ನುತ್ತಿತ್ತು. ಅನ್ನದೆ ಏನು, ಅಲ್ಲಿ ಕೂತು ಜಗಳ ಆಡಬೇಕಾದ ಸದಸ್ಯರೇ ಇಲ್ಲವಲ್ಲ. ಗೋಡೆಯಲ್ಲಿ ಅಧ್ಯಕ್ಷರ ಹೆಸರಿನ ಹಲಗೆ. ಕೊನೆಯ ಹೆಸರು 2021ಕ್ಕೆ ನಿಂತಿದೆ. ಅದರ ಕೆಳಗೆ ಪೇಂಟರ್ ನಾಲ್ಕು ಗೆರೆ ಎಳೆದು ಜಾಗ ಬಿಟ್ಟಿದ್ದಾನೆ. ಐದು ವರ್ಷಕ್ಕೊಮ್ಮೆ ಚುನಾವಣೆ ಅಂತ ಸಂವಿಧಾನದಲ್ಲಿ ಬರೆದದ್ದನ್ನು ನಂಬಿದ್ದ, ಪಾಪ.

ಸದಸ್ಯರ ಬದಲಿಗೆ ಸರ್ಕಾರ ಕೂರಿಸಿದ ಆಡಳಿತಾಧಿಕಾರಿಗಳು ದೀಪ ಹಚ್ಚಿ, ‘ಜನರ ಭಾಗವಹಿಸುವಿಕೆ ಅತಿಮುಖ್ಯ’ ಅಂದು, ಮೀಟಿಂಗ್ ಇದೆ ಅಂತ ಹೊರಟರು. ಕಾರ್ಯಾಗಾರ ನಡೆಸಿಕೊಡುವ ಫೆಸಿಲಿಟೇಟರ್ ಹುಡುಗ ಚೀಟಿ ಹಂಚಿದ. ಸಮಸ್ಯೆ ಹಳದಿಯಲ್ಲಿ, ಪರಿಹಾರ ಹಸಿರಿನಲ್ಲಿ. ‘ಆಮೇಲೆ ನೋಡೋಣ’ ಅನ್ನುವ ವಿಷಯಕ್ಕೆ ಬೇರೆ ಹಾಳೆ, ಅದರ ಹೆಸರು ‘ಪಾರ್ಕಿಂಗ್ ಲಾಟ್’. ನಮ್ಮ ಪಕ್ಕದ ಹಳ್ಳಿಯ ಅಜ್ಜಿ ಎದ್ದು, “ಬೋರಿನ ಮೋಟಾರು ಸುಟ್ಟು ಹದಿನೈದು ದಿನ ಆಯ್ತು ಕಣಪ್ಪ” ಅಂದರು. ಆತ ‘ಜಲಭದ್ರತೆ’ ಅಂತ ಬರೆದುಕೊಂಡು, “ಒಳ್ಳೇ ಪಾಯಿಂಟ್ ಅಜ್ಜಿ, ಸದ್ಯಕ್ಕೆ ಪಾರ್ಕಿಂಗ್ ಲಾಟಲ್ಲಿ ಇಡೋಣ” ಅಂದ.

“ನಾನು ಬಸ್ಸಲ್ಲಿ ಬಂದಿದ್ದು ಮಗ.”

ಸಹಭಾಗಿತ್ವ ನಮ್ಮೂರಿಗೆ ಹೊಸದಲ್ಲ. ಹಿಂದೊಮ್ಮೆ ಗುಡಿ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬರೆಸಿದ್ದರು. ಕೆರೆಗೆ ನೀಲಿ, ಶಾಲೆಗೆ ಕೆಂಪು. ಫೋಟೊ ತೆಗೆಯುವ ಹೊತ್ತಿಗೆ ಕೋಳಿಯೊಂದು ನುಗ್ಗಿ ಚರಂಡಿ ಇದ್ದ ಕಡೆಯೇ ಪರಪರ ಕೆರೆಯಿತು. ಆ ಚರಂಡಿಗೆ ಯಾರಾದರೂ ಕೈಹಾಕಿದ್ದು, ಕಾಲಾದರೂ ಸರಿ, ಅದೊಂದೇ ಸಲ.

ಇನ್ನು ಹೊಂದಾಣಿಕೆ. ಅದನ್ನು ನಮಗೆ ಕಲಿಸುವುದೆ? ಗ್ರಾಮಸಭೆಗೆ ಜನ ಬರದಿದ್ದರೆ ಗ್ರಾಮಸಭೆಯ ಪುಸ್ತಕವೇ ನೀರುಗಂಟಿಯ ಕಂಕುಳಲ್ಲಿ ಮನೆಮನೆಗೆ ಹೋಗುತ್ತದೆ. ಕೋರಂ ಭರ್ತಿ. ಕೈಲಿ ಸೊಪ್ಪು ಸೋಸುತ್ತಲೇ ನಮ್ಮತ್ತೆ ಮೂರು ಕ್ರಿಯಾಯೋಜನೆಗೆ ಒಪ್ಪಿಗೆ ಕೊಟ್ಟಿದ್ದಾರೆ.

ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬರ ಕಾಲದಲ್ಲಿ, ಪಂಚಾಯ್ತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿಗೂ ಎಷ್ಟೋ ಮೊದಲು, 1987ರಲ್ಲೇ ಇದೇ ರಾಜ್ಯ ಜಿಲ್ಲಾ ಪರಿಷತ್ತಿಗೆ ಚುನಾವಣೆ ಮಾಡಿತ್ತು. ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಐಎಎಸ್ ಅಧಿಕಾರಿ ಅವರ ಕೈಕೆಳಗೆ. ಈಗ? 2016ರಲ್ಲಿ ತಾಲ್ಲೂಕು, ಜಿಲ್ಲಾ ಪಂಚಾಯ್ತಿಗೆ ಆರಿಸಿದವರ ಅವಧಿ ಮುಗಿದ ಮೇಲೆ ಕ್ಷೇತ್ರ ಮರುವಿಂಗಡಣೆ, ಅದಾದ ಮೇಲೆ ಮೀಸಲಾತಿ, ಅದಾದ ಮೇಲೆ ಹೈಕೋರ್ಟು. ನಡುವೆ ಸರ್ಕಾರವೇ ಬದಲಾಯಿತು, ನೆಪ ಬದಲಾಗಲಿಲ್ಲ. ಪಂಚಾಯತ್ ರಾಜ್ ಕಾಯ್ದೆಯ ಹೆಸರಿಗಂತೂ ಮೊದಲೇ ‘ಗ್ರಾಮ ಸ್ವರಾಜ್’ ಅಂತ ಸೇರಿಸಿಟ್ಟಿದ್ದಾರೆ. ಯಾವ ಪಕ್ಷದ ಶಾಸಕನಿಗೂ ತನ್ನ ಕ್ಷೇತ್ರದಲ್ಲಿ ಇನ್ನೊಬ್ಬ ಗೆದ್ದವನು ಬೇಡ, ಅಷ್ಟೇ ವಿಷಯ. ಚೀಟಿ ಅಂಟಿಸುವುದು ಬಿಟ್ಟು ಓಟು ಹಾಕಿಸಿ ಸ್ವಾಮಿ, ಸಾಕಾಗಿದೆ.

ಊಟಕ್ಕೆ ಚಿತ್ರಾನ್ನ, ಒಂದು ಜಹಾಂಗೀರ್. ಆಮೇಲೆ ಕರೆಂಟು ಬಂದು ಫ್ಯಾನು ತಿರುಗಿತು. ಗೋಡೆಯ ಹಸಿರು ಚೀಟಿಗಳೆಲ್ಲ ಉದುರಿದವು, ಹಳದಿಯವು ಗಟ್ಟಿಯಾಗಿ ಅಂಟಿಕೊಂಡಿದ್ದವು. ಅಜ್ಜಿ ಫೀಡ್‌ಬ್ಯಾಕ್ ಫಾರಂ ಮಡಚಿ ಎಲೆಅಡಿಕೆ ಚೀಲಕ್ಕೆ ಸೇರಿಸಿ, ಟ್ಯಾಂಕರ್ ಬರೋ ಹೊತ್ತಾಯ್ತು ಅಂತ ಮೂರರ ಬಸ್ಸಿಗೆ ಎದ್ದರು.